ನೀಲವ್ವನ ಬಲ ಮೊಣಕಾಲು ಮತ್ತು ನಾವು ಕಂಡ ಇಂಗ್ಲಂಡು

ಯಂಕಂಚಿ

ಇಂಗ್ಲಂಡಿಗೆ ಹೋಗಿ ಬಂದವರು ಅಲ್ಲಿಯ ರಾಣಿಯ ಅರಮನೆ, ದೊಡ್ಡ ಗಡಿಯಾರ, ನೆಲದೊಳಗೆ ಓಡುವ ರೈಲು ಇವುಗಳ ಬಗ್ಗೆ ಬರೆಯುತ್ತಾರೆ. ನಾನು ಅವು ಯಾವುದನ್ನೂ ನೋಡಲಿಲ್ಲ. ನಾಲ್ಕು ತಿಂಗಳು ಆ ದೇಶದಲ್ಲಿದ್ದು ನಾನು ನೋಡಿದ್ದು ಒಂದು ಇಟ್ಟಂಗಿಯ ಊರು, ಒಂದು ಆಸ್ಪತ್ರೆ, ಮತ್ತು ನನ್ನ ಹೆಂಡತಿಯ ಬಲ ಮೊಣಕಾಲು. ಬಂದ ಮೇಲೆ ಯಾರಾದರೂ ಕೇಳಿದರೆ "ಛಲೋ ಇತ್ರಿ" ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದೆ. ಉಳಿದದ್ದನ್ನು ಹೇಳುವ ಕೆಲಸ ನೀಲವ್ವನದು. ಅವಳು ಹೇಳಲು ತೊಡಗಿದರೆ ಕಟ್ಟೆಯ ಮೇಲೆ ಕೂತವರು ಏಳುತ್ತಿರಲಿಲ್ಲ. ಈ ಶ್ರಾವಣಕ್ಕೆ ಅವಳು ತೀರಿಕೊಂಡು ಎಂಟು ತಿಂಗಳಾಯಿತು. ಹೇಳುವವಳು ಇಲ್ಲದ್ದರಿಂದ ನಾನು ಬರೆಯುತ್ತಿದ್ದೇನೆ.

ನಾನು ಮುಲ್ಕಿ ಪರೀಕ್ಷೆಯವರೆಗೆ, ಅಂದರೆ ಏಳನೆಯ ಇಯತ್ತೆಯವರೆಗೆ, ಓದಿದವನು. ಹೊಲಗಳ ಅಳತೆ ಮಾಡುವ ಮೋಜಣಿ ಖಾತೆಯಲ್ಲಿ ಮೂವತ್ತು ವರ್ಷ ಇದ್ದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ತಾಲೂಕುಗಳಲ್ಲಿ ನಾನು ಸರಪಳಿ ಹಿಡಿಸಿ ನಡೆಯದ ಊರು ಕಡಿಮೆ. ನನ್ನ ಇಂಗ್ಲಿಷು ನಕಾಶೆಯ ಇಂಗ್ಲಿಷು. ದಿಕ್ಕು, ಅಳತೆ, ಕೋನ ಇಷ್ಟನ್ನು ಆ ಭಾಷೆಯಲ್ಲಿ ಹೇಳಬಲ್ಲೆ.

ನಮಗೆ ಮಕ್ಕಳಾಗಲಿಲ್ಲ. ಆದರೆ ನಮ್ಮೂರು ಯಂಕಂಚಿಯಲ್ಲಿ ಇಪ್ಪತ್ತು ವರ್ಷಗಳಲ್ಲಿ ಹುಟ್ಟಿದ ಬಹಳಷ್ಟು ಕೂಸುಗಳಿಗೆ ಮೊದಲ ನೀರು ಎರೆದವಳು ನೀಲವ್ವ. ನಮ್ಮ ಕಡೆ ಕೂಸಿಗೆ ಎರೆಯುವುದು ಹೇಗೆಂದು ಎಲ್ಲರಿಗೂ ಗೊತ್ತು. ಬಚ್ಚಲಲ್ಲಿ ನೆಲಕ್ಕೆ ಕೂತು, ಎರಡೂ ಕಾಲು ಉದ್ದಕ್ಕೆ ಚಾಚಿ, ಕೂಸನ್ನು ಕಾಲುಗಳ ನಡುವಿನ ತಗ್ಗಿನಲ್ಲಿ ಬೋರಲು ಮಲಗಿಸಿ, ಎಣ್ಣೆ ತಿಕ್ಕಿ, ಬಿಸಿನೀರು ಹೊಯ್ಯಬೇಕು. ಬೇರೆಯವರು ಎರೆದರೆ ಕೂಸು ಕಿರುಚಿ ಅಳುತ್ತದೆ. ಇವಳ ಕಾಲ ಮೇಲೆ ಮಲಗಿದ ಕೂಸು ಅರ್ಧ ನೀರಿಗೇ ಕಣ್ಣು ಮುಚ್ಚುತ್ತಿತ್ತು. ಬಾಣಂತಿ ಇದ್ದ ಮನೆಯವರು ಬೆಳಿಗ್ಗೆ ಹಂಡೆಗೆ ಬೆಂಕಿ ಹಾಕಿ ಇವಳನ್ನು ಕರೆಯಲು ಬರುತ್ತಿದ್ದರು. ಹೊಟ್ಟೆ ತುಂಬ ಉಂಡವಳ ಹಾಗೆ ಮುಖ ಮಾಡಿಕೊಂಡು ತಿರುಗಿ ಬರುತ್ತಿದ್ದಳು.

ಐವತ್ತು ದಾಟಿದ ಮೇಲೆ ಬಲ ಮೊಣಕಾಲು ಹಿಡಿಯಿತು. ಕಾಲು ಹೊರಗೆ ಬಾಗತೊಡಗಿತು. ಸಿಂದಗಿಯ ಡಾಕ್ಟರು ಸೂಜಿ ಹಾಕಿದರು. ಯಾರೋ ಎಕ್ಕೆಯ ಎಲೆ ಕಟ್ಟಿದರು. ಅವಳು ಯಾವುದಕ್ಕೂ ಬೇಡ ಎನ್ನಲಿಲ್ಲ, ಯಾವುದರಿಂದಲೂ ಕಡಿಮೆಯಾಯಿತು ಎನ್ನಲಿಲ್ಲ. ಒಂದು ದಿನ ನಡುಮನೆಯ ಗೌಡರ ಸೊಸೆಯ ಕೂಸಿಗೆ ಎರೆಯುತ್ತಿದ್ದಾಗ ಮೊಣಕಾಲು ಚಳಕು ಹೊಡೆದು ಕಾಲು ತಾನೇ ಮಡಚಿಕೊಂಡಿತು. ಎಣ್ಣೆ ಹಚ್ಚಿದ ಕೂಸು ಜಾರಿತು. ಅವಳು ಹಿಡಿದುಕೊಂಡಳು, ಏನೂ ಆಗಲಿಲ್ಲ. ಆದರೆ ಅಂದಿನಿಂದ ಯಾರ ಮನೆಗೂ ಹೋಗಲಿಲ್ಲ. ಕರೆಯಲು ಬಂದವರಿಗೆ "ನನಗ ನೆಗಡಿ ಆಗೈತಿ, ಕೂಸಿಗೆ ಹತ್ತೀತು" ಎನ್ನುತ್ತಿದ್ದಳು. ಆ ನೆಗಡಿ ಎರಡು ವರ್ಷ ಇತ್ತು.

ಅವಳ ತಮ್ಮ ಚನ್ನಬಸು ಇಂಗ್ಲಂಡಿನ ಉತ್ತರ ಭಾಗದಲ್ಲಿ ಎಲುಬಿನ ಡಾಕ್ಟರನಾಗಿದ್ದ. ತಾಯಿ ಇಲ್ಲದ ಅವನನ್ನು ತವರೂರು ಹೂವಿನ ಹಿಪ್ಪರಗಿಯಲ್ಲಿ ಎತ್ತಿ ಆಡಿಸಿ ಬೆಳೆಸಿದವಳು ಇವಳೇ. ಸವೆದ ಮೊಣಕಾಲನ್ನು ತೆಗೆದು ಲೋಹದ ಕೀಲು ಕೂಡಿಸುವ ವಿದ್ಯೆ ಈಗ ಬಂದಿದೆ, ಅಕ್ಕನನ್ನು ಕರೆದುಕೊಂಡು ಬನ್ನಿ ಎಂದು ಅವನು ನನಗೆ ಪತ್ರ ಬರೆದ. ಪರದೇಶಕ್ಕೆ ಇವಳು ಒಪ್ಪುವುದಿಲ್ಲ ಎಂದುಕೊಂಡೇ ಓದಿ ಹೇಳಿದೆ.

"ಕೂಸಿಗೆ ಎರಿಯಾಕ ಬರ್ತೈತಂತೇನು ಮತ್ತ?" ಎಂದು ಕೇಳಿದಳು.

"ಬ್ಯಾನಿ ಹೋದ ಮ್ಯಾಲ ಯಾಕ ಬರೂದಿಲ್ಲ?" ಎಂದೆ. ಪತ್ರದಲ್ಲಿ ಹಾಗೇನೂ ಬರೆದಿರಲಿಲ್ಲ.

"ಹಂಗಾರ ನಡೀರಿ," ಎಂದಳು.

ದಾರಿ

ಅದು ಎಪ್ಪತ್ತಾರನೆಯ ಇಸವಿ. ಇಂಡಿ ರೋಡಿನಲ್ಲಿ ಸೊಲ್ಲಾಪುರದ ಗಾಡಿ ಹತ್ತಿದೆವು. ಲಚ್ಯಾಣ ಬಂದಾಗ ನೀಲವ್ವ ಕಿಟಕಿಯಿಂದಲೇ ಮಠದ ದಿಕ್ಕಿಗೆ ಕೈ ಮುಗಿದಳು. ಎದುರಿಗೆ ಕೂತಿದ್ದ ಮುದುಕಿ "ಎಲ್ಲಿಗವ್ವಾ?" ಎಂದು ಕೇಳಿದಳು.

"ತಮ್ಮನ ಮನಿಗಿ."

"ಎಲ್ಲಿರ್ತಾನ?"

"ಸೊಲ್ಲಾಪುರ ದಾಟಿ," ಎಂದಳು ನೀಲವ್ವ. ಸುಳ್ಳೇನೂ ಅಲ್ಲ.

ವಿಮಾನದಲ್ಲಿ ನಮಗಾದ ತೊಂದರೆ ಒಂದೇ. ಕುರ್ಚಿಯಲ್ಲಿ ಕಾಲು ಇಳಿಬಿಟ್ಟು ಕೂತು ಅವಳ ಪಾದ ಬಾತು ಚಪ್ಪಲಿ ಹಿಡಿಸದಾಯಿತು. ಇಂಗ್ಲಂಡಿನ ನೆಲಕ್ಕೆ ಅವಳು ಬರಿಗಾಲಲ್ಲಿ ಇಳಿದಳು. ಕಾಗದ ನೋಡುವ ಅಧಿಕಾರಿ ಅವಳ ಕಾಲನ್ನೂ ನನ್ನ ಕೈಯಲ್ಲಿದ್ದ ಚಪ್ಪಲಿಯನ್ನೂ ನೋಡಿದ. ಏನನ್ನಿಸಿತೋ, ಎದ್ದು ಬಂದು ಅವಳಿಗೆ ತನ್ನ ಕುರ್ಚಿ ಕೊಟ್ಟ. ಅವಳು ಕೂಡಲಿಲ್ಲ. "ಸರಕಾರಿ ಮನಶ್ಯಾ, ಅವನ ಕುರ್ಚಿ ಮ್ಯಾಲ ನಾ ಹೆಂಗ ಕುಂದ್ರಲಿ?" ಎಂದಳು.

ಇಟ್ಟಂಗಿಯ ಊರು

ಚನ್ನಬಸುವಿನ ಊರಿನಲ್ಲಿ ಎಲ್ಲ ಮನೆಗಳೂ ಕೆಂಪು ಇಟ್ಟಂಗಿಯವು, ಒಂದಕ್ಕೊಂದು ಬೆನ್ನು ಹಚ್ಚಿ ನಿಂತವು. ಮೊದಲ ವಾರ ನಾನು ವಾಕಿಂಗಿಗೆ ಹೋಗಿ ಬರುವಾಗ ಬೇರೆಯವರ ಬಾಗಿಲು ತಟ್ಟಿದೆ. ಒಳಗಿಂದ ಬಂದ ಗೃಹಸ್ಥ "ಸಾರಿ" ಎಂದ. ತಪ್ಪು ಮಾಡಿದವನು ನಾನು, ಕ್ಷಮೆ ಕೇಳಿದವನು ಅವನು. ಮೂವತ್ತು ವರ್ಷ ಗಡಿ ಗುರುತಿಸಿದವನು ಮನೆ ಗುರುತಿಸಲಿಲ್ಲವೆಂದು ನೀಲವ್ವ ಆ ದಿನವೆಲ್ಲ ನಕ್ಕಳು.

ಇಂಗ್ಲಂಡೆಂದರೆ ಮಳೆ ಮತ್ತು ಹಸಿರು ಎಂದು ಕೇಳಿದ್ದೆವು. ಆ ವರ್ಷ ಅಲ್ಲಿ ಮಳೆಯೇ ಇರಲಿಲ್ಲ. ಹುಲ್ಲು ಕಂದಿ ನಮ್ಮ ಬೇಸಿಗೆಯ ಹೊಲದ ಬಣ್ಣಕ್ಕೆ ಬಂದಿತ್ತು. ನೀರು ಉಳಿಸಿರೆಂದು ಎಲ್ಲೆಲ್ಲೂ ಹಾಳೆ ಹಚ್ಚಿದ್ದರು. ಪಕ್ಕದ ಮನೆಯವರು ಸ್ನಾನದ ನೀರನ್ನು ಬಕೆಟ್ಟಿನಲ್ಲಿ ತಂದು ಗುಲಾಬಿ ಗಿಡಕ್ಕೆ ಹಾಕುವುದನ್ನು ನೋಡಿ ನೀಲವ್ವ, "ಇವರು ನಮ್ಮ ಮಂದಿನ. ಸ್ವಲ್ಪ ಬೆಳ್ಳಗ ಅದಾರ ಅಷ್ಟ," ಎಂದಳು.

ಆ ಪಕ್ಕದ ಮನೆಯಲ್ಲಿ ಜೀನ್ ಎಂಬ ಎಳೆಯ ಬಾಣಂತಿ ಇದ್ದಳು. ನಾವು ಹೋದಾಗ ಅವಳ ಕೂಸಿಗೆ ಮೂರು ತಿಂಗಳು. ನೀಲವ್ವನಿಗೆ ಬೇರೆ ಇಂಗ್ಲಂಡು ಬೇಕಿರಲಿಲ್ಲ. ಅಡಿಗೆಮನೆಯ ಕಿಟಕಿಯಲ್ಲಿ ನಿಂತು ಜೀನ್ ಕೂಸಿಗೆ ನೀರು ಹಾಕುವುದನ್ನೇ ನೋಡುತ್ತಿದ್ದಳು. ಜೀನ್ ಪ್ಲಾಸ್ಟಿಕ್ಕಿನ ತೊಟ್ಟಿಯಲ್ಲಿ ನೀರು ಹಾಕಿ, ಮೊಣಕೈ ಅದ್ದಿ ಬಿಸಿ ನೋಡಿ, ಕೂಸನ್ನು ಅದರಲ್ಲಿ ಕೂಡಿಸುತ್ತಿದ್ದಳು.

"ಮೊಣಕೈ ಅದ್ದಿ ನೋಡೂದು ಶ್ಯಾಣೇತನ," ಎಂದು ನನಗೆ ವರದಿ ಒಪ್ಪಿಸಿದಳು. "ಆದರ ನೀರಾಗ ಅದ್ದಿ ತಗೀತಾಳ ನೋಡ್ರಿ, ಅಂಗಿ ಒಗದಂಗ. ಕೂಸಿನ ಬೆನ್ನಿಗೆ ಕೈ ಯಾವಾಗ ಆಡಬೇಕು? ನನ್ನ ಕಾಲ ನೆಟ್ಟಗಾಗ್ಲಿ, ತೋರಸ್ತೇನಿ ಅಕಿಗಿ."

ತಪಾಸಣೆಯ ಕೋಣೆ

ಆಸ್ಪತ್ರೆಯ ದೊಡ್ಡ ಡಾಕ್ಟರು ಎತ್ತರದ, ತೆಳ್ಳನೆಯ ಮನುಷ್ಯ. ಆ ದೇಶದಲ್ಲಿ ಶಸ್ತ್ರಕ್ರಿಯೆ ಮಾಡುವವರನ್ನು ಡಾಕ್ಟರ್ ಎನ್ನುವುದಿಲ್ಲ, ಮಿಸ್ಟರ್ ಎನ್ನುತ್ತಾರೆ. ಚನ್ನಬಸು ಇದನ್ನು ಹೇಳಿದಾಗ ನೀಲವ್ವ ದನಿ ತಗ್ಗಿಸಿ, "ಅಂದ್ರ ಇವರು ಇನ್ನ ಪಾಸ್ ಆಗಿಲ್ಲೇನೊ ತಮ್ಮಾ?" ಎಂದಳು.

ಚನ್ನಬಸು ನಡುವೆ ನಿಂತು ಎರಡೂ ಕಡೆಯ ಮಾತು ದಾಟಿಸುತ್ತಿದ್ದ. ನೋವು ಹೇಗಿದೆ ಎಂದು ಅವರು ಕೇಳಿದರು.

"ಆರಾಮ ಐತ್ರಿ," ಎಂದಳು ನೀಲವ್ವ.

ಮೆಟ್ಟಿಲು ಹತ್ತುವಾಗ?

"ನಮ್ಮ ಮನ್ಯಾಗ ಮೆಟ್ಟಲಾ ಇಲ್ರಿ. ಹಂಗಾಗಿ ತ್ರಾಸೇನಿಲ್ಲ."

ಕುರ್ಚಿಯಿಂದ ಏಳುವಾಗ?

"ಕುರ್ಚಿ ಮ್ಯಾಲ ನಾ ಕುಂದ್ರೂದ ಇಲ್ರಿ."

ರಾತ್ರಿ ನೋವಿನಿಂದ ಎಚ್ಚರವಾಗುತ್ತದೆಯೆ?

"ನಿದ್ದಿ ಛಲೋ ಬರ್ತೈತ್ರಿ."

ಎಷ್ಟು ದೂರ ನಡೆಯಬಲ್ಲಿರಿ?

"ಹೊಲದ ತನಕ."

ನಮ್ಮ ಹೊಲ ಊರಿಂದ ಒಂದೂವರೆ ಮೈಲು. ಅವಳು ಅದನ್ನು ನೋಡಿ ಎರಡು ವರ್ಷವಾಗಿತ್ತು.

"ಅಕ್ಕಾ, ಖರೇ ಹೇಳಬೇ," ಎಂದು ಚನ್ನಬಸು ಗದರಿಸಿದ.

"ಹಿರ್ಯಾರು ಮೊದಲನೇ ಸಲ ಮಾತಾಡಸಾಕತ್ತಾರ. ಹೋದ ಕೂಡಲೆ ಅವರ ಮುಂದ ಗೋಳ ತೋಡಕೋತ ಕುಂದ್ರಲೇನು? ನಾಳಿಗೆ ನಿನಗ ಏನಂತಾರ ಅವರು?"

ಆಮೇಲೆ ಡಾಕ್ಟರು ಅವಳನ್ನು ಗೋಡೆಯಿಂದ ಗೋಡೆಗೆ ನಡೆಯಲು ಹೇಳಿ, ತಾವು ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತು ಕಾಲುಗಳನ್ನೇ ದಿಟ್ಟಿಸಿದರು. ನೀಲವ್ವ ಸೆರಗು ತಲೆಯ ಮೇಲೆ ಎಳೆದುಕೊಂಡಳು. ಕಣ್ಣು ನೆಲದ ಮೇಲಿಟ್ಟು ನಡೆದಳು. ಹೆಜ್ಜೆ ಸಣ್ಣದು, ಸಮ, ಸೊಂಟ ಅಲ್ಲಾಡದು. ಆರು ತಿಂಗಳಿಂದ ಗೋಡೆ ಹಿಡಿದು ಕುಂಟುತ್ತಿದ್ದವಳು ಒಂದಿಷ್ಟೂ ಕುಂಟಲಿಲ್ಲ.

ಆ ನಡಿಗೆಯನ್ನು ನಾನು ಮೊದಲು ನೋಡಿದ್ದೆ. ಮೂವತ್ತೆಂಟು ವರ್ಷಗಳ ಹಿಂದೆ ಹೂವಿನ ಹಿಪ್ಪರಗಿಯಲ್ಲಿ ನಾವು ಹೆಣ್ಣು ನೋಡಲು ಹೋದಾಗ ನನ್ನ ಸೋದರತ್ತೆ, "ಒಂದೀಟ ನಡದ ತೋರ್ಸವ್ವಾ, ಕಾಲ ನೆಟ್ಟಗದಾವಿಲ್ಲ ನೋಡೂಣು," ಎಂದಿದ್ದಳು. ಹದಿನಾರರ ಹುಡುಗಿ ಕಂಬದಿಂದ ಬಾಗಿಲವರೆಗೆ ಹೀಗೆಯೇ ನಡೆದಿದ್ದಳು. ಅಪರಿಚಿತರು ಕೂತು ನಡೆದು ತೋರಿಸು ಎಂದರೆ ನೆಟ್ಟಗೆ ನಡೆಯಬೇಕು. ಅವಳಿಗೆ ಗೊತ್ತಿದ್ದದ್ದು ಅಷ್ಟೇ. ಆ ಕೋಣೆಯಲ್ಲಿ ಅದು ನನಗೊಬ್ಬನಿಗೆ ತಿಳಿದಿತ್ತು. ಹೇಳಲು ಇಂಗ್ಲಿಷು ಇರಲಿಲ್ಲ.

ಮಂಚದ ಮೇಲೆ ಮಲಗಿಸಿ ಡಾಕ್ಟರು ಪರೀಕ್ಷೆ ಮಾಡಿದರು. ತೊಡೆಯ ಸುತ್ತಳತೆಯನ್ನು ಟೇಪಿನಿಂದ ಎರಡೂ ಕಾಲಿಗೆ ಹಿಡಿದರು. ಬಲತೊಡೆ ಸೊರಗಿತ್ತು. ಮೊಣಕಾಲ ಚಿಪ್ಪನ್ನು ಬೆರಳಿನಿಂದ ಒತ್ತಿ ಒಳಗೆ ನೀರು ತುಂಬಿದೆಯೋ ನೋಡಿದರು. ಅಂಗೈ ಚಿಪ್ಪಿನ ಮೇಲಿಟ್ಟು ಕಾಲು ಮಡಚಿಸಿ ಒಳಗಿನ ಕರಕರವನ್ನು ಕೇಳುವವರಂತೆ ತಲೆ ವಾರೆ ಮಾಡಿದರು. ಹಿಮ್ಮಡಿ ಹಿಡಿದು ಕಾಲನ್ನು ಎಡಕ್ಕೆ ಬಲಕ್ಕೆ ನೂಕಿ ಕೀಲು ಎಷ್ಟು ಸಡಿಲವಾಗಿದೆ ಎಂದು ನೋಡಿದರು. ಕೊನೆಗೆ ಎರಡು ತೋಳಿನ ಒಂದು ಅಳತೆಗೋಲು ತೆಗೆದು ತೊಡೆಗೊಂದು ಮೀನಗಂಡಕ್ಕೊಂದು ತೋಳು ಹಚ್ಚಿದಾಗ ನನಗೆ ಸಂತೋಷವಾಯಿತು. ಹೊಲದ ಮೂಲೆ ಅಳೆದವನಿಗೆ ಅದು ಹೊಸದಲ್ಲ. ಕಾಲು ಪೂರ್ತಿ ಚಾಚುವುದಕ್ಕೆ ಹತ್ತು ಡಿಗ್ರಿ ಕಡಿಮೆ, ಮಡಚುವುದು ನೂರಾಹತ್ತು. ಇಷ್ಟರಲ್ಲೂ ನೀಲವ್ವ ಮುಖ ಕಿವಿಚಲಿಲ್ಲ. ಎಡಗೈಯಲ್ಲಿ ಸೆರಗಿನ ತುದಿಯನ್ನು ಮಾತ್ರ ಹಿಡಿದು ಹಿಂಡುತ್ತಿದ್ದಳು.

ಡಾಕ್ಟರು ಬೆಳಕಿನ ಹಲಗೆಗೆ ಎಕ್ಸ್‌ರೇ ಸಿಕ್ಕಿಸಿದರು. ಒಳಬದಿಯಲ್ಲಿ ಎರಡು ಎಲುಬುಗಳ ನಡುವೆ ಸಂದೇ ಇರಲಿಲ್ಲ. ಅವರು ಬಹಳ ಹೊತ್ತು ನೋಡಿ ಚನ್ನಬಸುವಿಗೆ ಏನೋ ಹೇಳಿದರು. ಅವನ ಮುಖ ಇಳಿಯಿತು.

"ಮಾಮಾ, ಅವರು ಚಿತ್ರಕ್ಕ ಆಪರೇಷನ್ ಮಾಡೂದಿಲ್ಲಂತ. ಮನಶ್ಯಾರಿಗೆ ಮಾಡೂದಂತ. ಬ್ಯಾನಿನ ಇಲ್ಲ ಅನ್ನಾವ್ರ ಮೊಣಕಾಲ ತಗದ್ರ ಬ್ಯಾನಿ ಮಾಡಿದಂಗ ಆಗ್ತೈತಿ ಅಂತಾರ. ಊರಿಗೆ ಕರಕೊಂಡ ಹೋಗ್ರಿ ಅಂತ."

ನೀಲವ್ವ ಮಂಚದಿಂದ ಇಳಿದು ಚಪ್ಪಲಿ ಹುಡುಕುತ್ತಿದ್ದಳು. ಪರೀಕ್ಷೆಯಲ್ಲಿ ಪಾಸಾದೆ ಎಂದುಕೊಂಡಿದ್ದಳು.

ನಾನು ಎದ್ದು ನಿಂತೆ. ಮಂಚದ ಮೇಲಿದ್ದ ಟವೆಲನ್ನು ಸುತ್ತಿ ಕೂಸಿನಷ್ಟು ಮಾಡಿ ಅವಳ ಕೈಗೆ ಕೊಟ್ಟೆ. "ಸರ್," ಎಂದು ನೆಲ ತೋರಿಸಿದೆ. ಅವಳಿಗೆ, "ಕುಂದ್ರು. ಎರದ ತೋರ್ಸು," ಎಂದೆ.

"ಇಲ್ಲಿ?"

"ಇಲ್ಲೇ. ಹ್ಯಾಂಗ ಎರಿತಿ ಅಂತ ಕೇಳಾಕತ್ತಾರ."

ಅವರು ಹಾಗೆ ಕೇಳಿರಲಿಲ್ಲ. ಆದರೆ ಕೂಸಿನ ಮಾತು ಬಂದ ಮೇಲೆ ಅವಳಿಗೆ ಬೇರೆ ಮರ್ಯಾದೆ ನೆನಪಾಗಲಿಲ್ಲ. ಮಂಚದ ಕಾಲು ಹಿಡಿದು ಇಳಿಯತೊಡಗಿದಳು. ಅರ್ಧಕ್ಕೆ ಬಂದಾಗ ಬಾಯಿ ತೆರೆಯಿತು, ದನಿ ಬರಲಿಲ್ಲ. ಕೂತಳು. ಕಾಲು ಚಾಚಿದಳು, ಬಲಗಾಲು ಪೂರ್ತಿ ನೆಲಕ್ಕೆ ತಾಗಲಿಲ್ಲ. ಟವೆಲನ್ನು ಬೋರಲು ಹಾಕಿ, ತಲೆಯ ಕಡೆ ಅಂಗೈ ಆನಿಸಿ, ಇಲ್ಲದ ನೀರನ್ನು ಇಲ್ಲದ ತಂಬಿಗೆಯಿಂದ ಹೊಯ್ದಳು. ಏಳು ಎಂದೆ. ಏಳಲು ಬರಲಿಲ್ಲ. ಎರಡು ಸಲ ಏಳಲು ನೋಡಿದಳು. ಮೂರನೆಯ ಸಲ ಹಣೆಯ ಬೆವರು ವಿಭೂತಿಯನ್ನು ತೊಳೆದುಕೊಂಡು ಇಳಿಯಿತು. ಡಾಕ್ಟರು ಸ್ಟೂಲಿನಿಂದ ಬಂದು ಅವಳ ಕಂಕುಳಿಗೆ ಕೈ ಕೊಟ್ಟು ಎತ್ತಿದರು. ಅವರ ಕೋಟನ್ನು ಹಿಡಿದುಕೊಂಡು ಅವಳು ಅತ್ತಳು.

ಚನ್ನಬಸು ಆಗ ಕೂಸು ಜಾರಿದ್ದನ್ನು, ಎರಡು ವರ್ಷದ ನೆಗಡಿಯನ್ನು ಇಂಗ್ಲಿಷಿನಲ್ಲಿ ಹೇಳಿದ. ಡಾಕ್ಟರು ತಮ್ಮ ಕಾಗದದಲ್ಲಿ ಬರೆದಿದ್ದನ್ನು ಹೊಡೆದು ಹಾಕಿ ಮತ್ತೆ ಬರೆದರು.

"ಇಷ್ಟ ಮಂದ್ಯಾಗ ಅಳಸಿದ್ರಿ ನನ್ನ," ಎಂದಳು ನೀಲವ್ವ ನನಗೆ.

ಹೊರಗಿನ ಕಾರಿಡಾರು

ಡಾಕ್ಟರು ನನ್ನನ್ನೂ ಚನ್ನಬಸುವನ್ನೂ ಹೊರಗೆ ಕರೆದರು. ಅವರು ಹೇಳಿದ್ದನ್ನು ಅವನು ನನಗೆ ಕನ್ನಡದಲ್ಲಿ ದಾಟಿಸಿದ. ಶಸ್ತ್ರಕ್ರಿಯೆ ಮಾಡುತ್ತೇನೆ, ನೋವು ಹೋಗುತ್ತದೆ, ಕಾಲು ನೆಟ್ಟಗಾಗುತ್ತದೆ ಎಂದರು. ಆದರೆ ಈ ಲೋಹದ ಕೀಲು ತೊಂಬತ್ತು ಡಿಗ್ರಿ ಮಡಚಿದರೆ ಅದೇ ಹೆಚ್ಚು. ನೆಲಕ್ಕೆ ಕೂಡುವುದು, ಮೊಣಕಾಲೂರುವುದು ಇನ್ನು ಮುಂದೆ ಎಂದಿಗೂ ಇಲ್ಲ. ಕೂತರೆ ಕೀಲು ಸಡಿಲವಾಗಿ ಮೊದಲಿಗಿಂತ ಕೆಡುತ್ತದೆ. ಅವಳು ಈಗ ತೋರಿಸಿದ ಕೆಲಸ ಬೇಕೆಂದರೆ ಈ ಶಸ್ತ್ರಕ್ರಿಯೆ ಅದನ್ನು ಕೊಡುವುದಿಲ್ಲ. ಇದನ್ನು ಅವಳಿಗೆ ತಿಳಿಸಿ, ಅವಳು ಒಪ್ಪಿದರೆ ಮಾತ್ರ ಸಹಿ ಹಾಕಿಸಿ ಎಂದರು.

ಅಷ್ಟರಲ್ಲಿ ಅಪಘಾತದ ವಾರ್ಡಿನಿಂದ ಚನ್ನಬಸುವಿಗೆ ಕರೆ ಬಂತು. "ಮಾಮಾ, ನೀವ ಹೇಳ್ರಿ ಅಕ್ಕಗ. ನಿಧಾನಕ್ಕ ಹೇಳ್ರಿ," ಎಂದು ಓಡಿದ.

ನಾನು ಒಳಗೆ ಹೋದೆ. ಅವಳು ಸೆರಗಿನಿಂದ ಮುಖ ಒರೆಸಿಕೊಂಡು ಕೂತಿದ್ದಳು.

"ಏನಂದ್ರು?"

"ಮಾಡ್ತಾರಂತ. ಬ್ಯಾನಿ ಹೋಗ್ತೈತಂತ."

"ಮತ್ತೇನಂದ್ರು? ಭಾಳ ಹೊತ್ತ ಮಾತಾಡಿದ್ರಿ."

"ಮೂರ ವಾರ ನೆಲಕ್ಕ ಕುಂದ್ರಬಾರದಂತ."

"ಅಷ್ಟನಾ," ಎಂದಳು. ಕಾಗದ ತೆಗೆದುಕೊಂಡು ಕನ್ನಡದಲ್ಲಿ ನೀಲವ್ವ ಎಂದು ಬರೆದಳು. ಒತ್ತು ಕೊಡುವಾಗ ಯಾವಾಗಲೂ ಮಾಡುವಂತೆ ನಾಲಗೆಯ ತುದಿ ಹೊರಗೆ ಬಂದಿತ್ತು.

ಯಾಕೆ ಹಾಗೆ ಹೇಳಿದೆ ಎಂದು ಆಮೇಲೆ ಬಹಳ ಸಲ ಕೇಳಿಕೊಂಡಿದ್ದೇನೆ. ಊರಲ್ಲಿ ಅವಳು ಮಗ್ಗುಲು ಬದಲಿಸುವಾಗ ಮೊಣಕಾಲನ್ನು ಎರಡೂ ಕೈಯಿಂದ ಎತ್ತಿ ಇಡುತ್ತಿದ್ದುದನ್ನು ನಾನು ಪಕ್ಕದಲ್ಲೇ ಮಲಗಿ ಕೇಳಿದವನು. ಅದು ನಿಲ್ಲಬೇಕಿತ್ತು. ನಿಜ ಹೇಳಿದ್ದರೆ ಅವಳು ಬೇಡ ಎಂದಾಳೆಂದು ಹೆದರಿದೆ.

ವಾರ್ಡು

ಶಸ್ತ್ರಕ್ರಿಯೆಯ ದಿನ ಮೈಮೇಲಿನದೆಲ್ಲ ತೆಗೆಯಬೇಕೆಂದು ನರ್ಸು ಹೇಳಿದಳು. ಬಳೆ, ಮೂಗುಬೊಟ್ಟು, ತಾಳಿ ಎಲ್ಲ ತೆಗೆದು ಕೊಟ್ಟಳು. ಕೊರಳಲ್ಲಿನ ಲಿಂಗದ ಕರಡಿಗೆಗೆ ಕೈ ಹಾಕಿದಾಗ ಮಾತ್ರ ಎರಡೂ ಕೈ ಮುಚ್ಚಿ ಹಿಡಿದುಕೊಂಡಳು. "ಇದು ಬಿಟ್ಟ ಜೀವ ಇರೂದಿಲ್ಲಂತ ಹೇಳ್ರಿ ಅಕಿಗಿ." ನನಗೆ ಹೇಳಲು ಬರಲಿಲ್ಲ. ನರ್ಸು ಸ್ವಲ್ಪ ಹೊತ್ತು ಅವಳ ಮುಖ ನೋಡಿದಳು. ತನ್ನ ಬೆರಳಿನ ಮದುವೆಯ ಉಂಗುರ ತೋರಿಸಿ ಏನೋ ಅಂದಳು. ಆಮೇಲೆ ಕರಡಿಗೆಯನ್ನು ನೀಲವ್ವನ ಎಡ ಅಂಗೈಯಲ್ಲಿಟ್ಟು ಅಂಟುಪಟ್ಟಿಯಿಂದ ಸುತ್ತಿ ಬಿಗಿದಳು. ಅಂಗೈಯಲ್ಲಿ ಲಿಂಗ ಇಟ್ಟುಕೊಂಡೇ ಒಳಗೆ ಹೋದಳು. ಪೂಜೆಗೆ ಹೊರಟವಳ ಹಾಗೆ ಕಂಡಳು.

ನಾಲ್ಕನೆಯ ದಿನ ಕಟ್ಟು ಬಿಚ್ಚಿದರು. ಕಾಲು ಬಾತಿತ್ತು, ನಡುವೆ ಉದ್ದಕ್ಕೆ ಹೊಲಿಗೆ. ಆದರೆ ನೆಟ್ಟಗಿತ್ತು. ಹದಿನಾರರಲ್ಲಿ ನೋಡಿದ ಕಾಲಿನಷ್ಟು ನೆಟ್ಟಗಿತ್ತು. ಅವಳು ಅದನ್ನೇ ನೋಡುತ್ತ, "ಎಡಗಾಲ ಈಗ ಡೊಂಕ ಕಾಣಸ್ತೈತಿ ನೋಡ್ರಿ," ಎಂದಳು.

ದಿನವೂ ಒಬ್ಬ ದಪ್ಪನೆಯ ಹೆಂಗಸು ಬಂದು ಕಾಲು ಮಡಚಿಸಿ ಅಳೆಯುತ್ತಿದ್ದಳು. ಐವತ್ತು, ಅರವತ್ತೈದು, ಎಪ್ಪತ್ತು. ಸುತ್ತಲಿನ ಮಂಚಗಳ ಮುದುಕಿಯರು ಒದರಾಡುವಾಗ ನೀಲವ್ವ ಹಲ್ಲು ಕಚ್ಚಿ, "ಇನ್ನೀಟು, ಇನ್ನೀಟು," ಎಂದು ಕನ್ನಡದಲ್ಲೇ ಹೇಳುತ್ತಿದ್ದಳು. ಆ ಹೆಂಗಸೂ ಅದನ್ನು ಕಲಿತು "ಇನ್ನೀಟು" ಎನ್ನತೊಡಗಿದಳು. ವಾರ್ಡಿನಲ್ಲಿ ಇವಳಷ್ಟು ಛಲದವರಿಲ್ಲವೆಂದು ಎಲ್ಲರೂ ಹೊಗಳಿದರು. ಬೇಯಿಸಿದ ಆಲೂಗಡ್ಡೆಗೆ ನಾನು ತಂದ ಶೇಂಗಾ ಹಿಂಡಿ, ನಮ್ಮ ಕಡೆಯ ಚಟ್ನಿಪುಡಿ, ಹಚ್ಚಿಕೊಂಡು ತಿನ್ನುತ್ತ ಅವಳು ಲೆಕ್ಕ ಹಾಕುತ್ತಿದ್ದಳು, ದೀಪಾವಳಿಯೊಳಗೆ ಯಂಕಂಚಿಯಲ್ಲಿ ಯಾರ್ಯಾರಿಗೆ ದಿನ ತುಂಬುತ್ತದೆ ಎಂದು. ತೊಂಬತ್ತಕ್ಕೆ ಬಂದ ದಿನ ಡಾಕ್ಟರು ಅವಳ ಕೈ ಕುಲುಕಿದರು. ನಾನು ಕಿಟಕಿಯ ಹೊರಗೆ ನೋಡಿದೆ.

ಒಮ್ಮೆ ಚನ್ನಬಸು ಅವಳ ಮಂಚದ ಬಳಿ ನಿಂತು, "ಅಕ್ಕಾ, ನೆಲಕ್ಕ ಕುಂದ್ರೂ ವಿಷಯ ಮಾಮಾ ಎಲ್ಲಾ ಹೇಳ್ಯಾರಲ್ಲ?" ಎಂದು ಕೇಳಿದ.

"ಹೇಳ್ಯಾರಪಾ," ಎಂದಳು. ಮೂರು ವಾರದ ಮಾತು ಎಂದುಕೊಂಡಿದ್ದಳು. ಅವನು ಸಮಾಧಾನದಿಂದ ಹೋದ.

ಜೀನಳ ಹಿತ್ತಲು

ಆರು ವಾರಕ್ಕೆ ಕೋಲು ಬಿಟ್ಟಳು. ಚನ್ನಬಸುವಿನ ಮನೆಯ ಸುತ್ತ ಒಬ್ಬಳೇ ನಡೆದು ಬಂದು, ಚಹ ಮಾಡಿ ನನಗೆ ಕೊಟ್ಟಳು. ನೋವೇ ಇಲ್ಲವೆಂದಳು. ಈ ಸಲ ಅದು ನಿಜವಾಗಿತ್ತು.

ಮರುದಿನ ಬಿಸಿಲು ಬಹಳ. ಜೀನ್ ತೊಟ್ಟಿಯನ್ನು ಹಿತ್ತಲಿನ ಒಣ ಹುಲ್ಲಿನ ಮೇಲೆ ತಂದು ಕೂಸಿಗೆ ನೀರು ಹಾಕುವುದಕ್ಕೆ ಸಿದ್ಧ ಮಾಡಿದ್ದಳು. ನೀಲವ್ವ ಒಂದು ಬಟ್ಟಲಲ್ಲಿ ಎಣ್ಣೆ ತೆಗೆದುಕೊಂಡು ಬೇಲಿಯ ಬಾಗಿಲು ದಾಟಿ ಹೋದಳು. ನಾನು ಹಿಂದೆ ಹೋದೆ. ಕೈಸನ್ನೆಯಲ್ಲೇ ಇಬ್ಬರಿಗೂ ಮಾತಾಯಿತು. ಜೀನ್ ನಗುತ್ತ ಕೂಸನ್ನು ಎತ್ತಿ ನಿಂತಳು. ನೀಲವ್ವ ಸೀರೆಯ ನೆರಿಗೆ ಮೇಲಕ್ಕೆ ಸಿಕ್ಕಿಸಿಕೊಂಡು, ತೊಟ್ಟಿಯ ಅಂಚಿಗೆ ಕೈ ಊರಿ ಕೂಡಲು ಬಾಗಿದಳು.

"ಕುಂದ್ರಬ್ಯಾಡ," ಎಂದೆ.

"ಯಾಕ? ಮೂರ ವಾರಂದ್ರು. ಆರಾತು."

"ಕುಂದ್ರಬ್ಯಾಡ ನೀಲಾ."

ದನಿಯಲ್ಲಿ ಏನು ಕೇಳಿಸಿತೋ, ಅವಳು ನೆಟ್ಟಗಾಗಿ ನಿಂತು ನನ್ನ ಕಡೆ ತಿರುಗಿದಳು. ಹೇಳಿದೆ. ಕಾರಿಡಾರಿನಲ್ಲಿ ಡಾಕ್ಟರು ಹೇಳಿದ್ದನ್ನು, ತೊಂಬತ್ತನ್ನು, ಎಂದಿಗೂ ಇಲ್ಲ ಎಂದದ್ದನ್ನು. ಜೀನ್ ಏನೂ ತಿಳಿಯದೆ ಒಮ್ಮೆ ಅವಳನ್ನು ಒಮ್ಮೆ ನನ್ನನ್ನು ನೋಡುತ್ತಿದ್ದಳು. ಕೂಸು ನೀಲವ್ವನ ಸೆರಗಿಗೆ ಕೈ ಚಾಚಿತು. ಅವಳು ಎಣ್ಣೆಯ ಬಟ್ಟಲನ್ನು ಜೀನಳ ಕೈಗೆ ಕೊಟ್ಟು, ಕೂಸಿನ ಬೆನ್ನಿಗೆ ಒಮ್ಮೆ ಅಂಗೈ ಆಡಿಸಿ, ಒಳಗೆ ಹೋದಳು. ನಡಿಗೆಯಲ್ಲಿ ದೋಷವಿರಲಿಲ್ಲ.

ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಊಟಕ್ಕೆ ಬಡಿಸಿದಳು, ಬಟ್ಟೆ ಮಡಚಿಟ್ಟಳು. ಮೂರನೆಯ ದಿನ ಮಧ್ಯಾಹ್ನ ನಾನು ಕಾಗದ ಬರೆಯುತ್ತಿದ್ದಾಗ ಎದುರಿಗೆ ಬಂದು ಕುರ್ಚಿ ಎಳೆದು ಕೂತಳು.

"ಕೇಳಿದ್ರ ಹ್ಞೂಂ ಅಂತಿದ್ನೊ ಏನೊ," ಎಂದಳು. "ಆ ಬ್ಯಾನಿ ನನಗೂ ಸಾಕಾಗಿತ್ತು. ಖರೇನ ಹ್ಞೂಂ ಅಂತಿದ್ದೆ."

ನಾನು ಪೆನ್ನು ಕೆಳಗಿಟ್ಟೆ.

"ಆದರ ಕಾಲ ನಂದು. ನೀವು ಕೇಳಬೇಕಿತ್ತು."

ಅಷ್ಟೇ ಹೇಳಿ ಎದ್ದಳು.

ತಿರುಗಿ ಊರಿಗೆ

ನಾವು ಹೊರಡುವ ವಾರ ಅಲ್ಲಿ ಮಳೆ ಹಿಡಿಯಿತು. ಮಾಮಾನ ಕಾಲ್ಗುಣಕ್ಕೆ ಬಾರದ ಮಳೆ ಬೀಳ್ಕೊಡಲು ಬಂತೆಂದು ಚನ್ನಬಸು ನನ್ನನ್ನು ಹಾಸ್ಯ ಮಾಡಿದ. ನೀಲವ್ವ ನಕ್ಕಳು. ಅವಳು ನಕ್ಕದ್ದು ನನಗೆ ದೊಡ್ಡ ಉಪಕಾರವೆನಿಸಿತು.

ಯಂಕಂಚಿಗೆ ಬಂದ ಮೇಲೆ ನಾನು ಬಚ್ಚಲಲ್ಲಿ ಒಂದು ಕಟ್ಟೆ ಕಟ್ಟಿಸಿದೆ. ಕುರ್ಚಿಯಷ್ಟು ಎತ್ತರ, ಕಾಲು ಚಾಚಲು ಮುಂದೆ ಅದೇ ಮಟ್ಟದ ಇನ್ನೊಂದು ಕಲ್ಲು. ಅಳತೆಯಲ್ಲಿ ಒಂದು ಕೂದಲೆಳೆ ತಪ್ಪಿರಲಿಲ್ಲ. ಅವಳು ಕೂತು, ಕಾಲು ಚಾಚಿ, ಪಕ್ಕಕ್ಕೆ ಬಾಗಿ ನೆಲ ನೋಡಿದಳು.

"ಛಲೋ ಕಟ್ಟೀರಿ. ಆದರ ಕೂಸ ಜಾರಿದ್ರ ಇಲ್ಲಿಂದ ಬೀಳ್ತೈತಿ. ನೆಲದಾಗ ಕುಂತ್ರ ಬೀಳೂದಿಲ್ಲ. ಅದಕ್ಕ ನಮ್ಮವರು ನೆಲಕ್ಕ ಕುಂತಿದ್ದು."

ಮೋಜಣಿಯವನಿಗೆ ಅದು ಹೊಳೆದಿರಲಿಲ್ಲ.

ಆಮೇಲೆ ಬಾಣಂತಿಯರ ಮನೆಯಿಂದ ಕರೆ ಬಂದರೆ ಹೋಗುತ್ತಿದ್ದಳು. ಬಚ್ಚಲ ಬಾಗಿಲಲ್ಲಿ ಅವಳಿಗೊಂದು ಕುರ್ಚಿ ಹಾಕುತ್ತಿದ್ದರು. ಅಲ್ಲಿ ಕೂತು ಒಳಗಿನವರಿಗೆ, "ಅಂಗೈ ಎದೀ ಕೆಳಗ ಕೊಡ. ಹಂಗಲ್ಲ, ತಂಬಗಿ ಎತ್ತರಾತು. ನೀ ಹೆದರಿದ್ರ ಕೂಸು ಹೆದರತೈತಿ," ಎಂದು ಹೇಳಿಕೊಡುತ್ತಿದ್ದಳು. ಗೌಡರ ಸೊಸೆ ಹಾಗೆಯೇ ಕಲಿತಳು. ಈಗ ಊರಿನವರು ಅವಳನ್ನು ಕರೆಯುತ್ತಾರೆ. ನೀಲವ್ವ ಹೊಲಕ್ಕೂ ಒಬ್ಬಳೇ ನಡೆದು ಹೋಗಿ ಬರತೊಡಗಿದಳು. ರಾತ್ರಿ ಪಕ್ಕದಲ್ಲಿ ಸದ್ದಿರುತ್ತಿರಲಿಲ್ಲ.

ಇಂಗ್ಲಂಡಿನ ಕಥೆಯನ್ನು ಎರಡು ವರ್ಷ ಎಲ್ಲರಿಗೂ ಹೇಳಿದಳು. ಬರಿಗಾಲಲ್ಲಿ ಇಳಿದದ್ದು, ಪಾಸಾಗದ ಡಾಕ್ಟರು, ನಾನು ತಟ್ಟಿದ ಬಾಗಿಲು, ಎಲ್ಲ. ಜೀನಳ ಹಿತ್ತಲಿನದನ್ನು ಮಾತ್ರ ಯಾರಿಗೂ ಹೇಳಲಿಲ್ಲ. ಅಲ್ಲಿಗೆ ಬಂದಾಗ ಒಮ್ಮೆ ನನ್ನ ಕಡೆ ನೋಡಿ, ಮಾತನ್ನು ಮಳೆಗೆ ತಿರುಗಿಸುತ್ತಿದ್ದಳು.

ಬಿಜಾಪುರ

ಹೋದ ವರ್ಷ ಕಾರ್ತಿಕದಲ್ಲಿ ಅವಳಿಗೆ ಊಟ ಸೇರದಾಯಿತು. ಬಿಜಾಪುರಕ್ಕೆ ಕರೆದುಕೊಂಡು ಹೋದೆ. ಎಂಟು ದಿನ ಇಟ್ಟುಕೊಂಡು ಪರೀಕ್ಷೆ ಮಾಡಿದರು. ಒಂದು ಮಧ್ಯಾಹ್ನ ಅಲ್ಲಿಯ ಡಾಕ್ಟರು ನನ್ನನ್ನು ಹೊರಗೆ ಕರೆದು, ಹೊಟ್ಟೆಯಲ್ಲಿ ಗಡ್ಡೆ ಇದೆ, ಬೇರೆ ಕಡೆಗೂ ಹಬ್ಬಿದೆ ಎಂದರು. ಮಿರಜಿನ ದೊಡ್ಡ ಆಸ್ಪತ್ರೆಗೆ ಒಯ್ದು ಕೊಯ್ಯಿಸಿದರೆ ಕೆಲವು ತಿಂಗಳು ಹೆಚ್ಚಾಗಬಹುದು, ಆಗದೆಯೂ ಇರಬಹುದು.

"ಅವರಿಗೆ ಹೇಳಾಕ ಹೋಗಬ್ಯಾಡ್ರಿ," ಎಂದರು. "ಧೈರ್ಯ ಕಳಕೋತಾರ. ಅಲ್ಸರ್ ಅಂತ ಹೇಳಿ ಬಿಡ್ರಿ. ಏನ್ ಮಾಡೂದು ಅನ್ನೂದು ನೀವ ವಿಚಾರ ಮಾಡ್ರಿ."

ನಾನು ಒಳಗೆ ಬಂದೆ. ನೀಲವ್ವ ದಿಂಬಿಗೆ ಒರಗಿ ಕೂತಿದ್ದಳು. ಮಂಚದ ಅಂಚಿಗೆ ಕೂತು, ಅವರು ಹೇಳಿದ್ದೆಲ್ಲವನ್ನೂ ಹೇಳಿದೆ. ಗಡ್ಡೆ ಎಲ್ಲಿದೆ, ಎಲ್ಲಿಯವರೆಗೆ ಹಬ್ಬಿದೆ, ಕೊಯ್ದರೆ ಏನು, ಬಿಟ್ಟರೆ ಏನು. ಹೇಳಬಾರದೆಂದು ಹೇಳಿದರು ಎಂಬುದನ್ನೂ ಹೇಳಿದೆ. ನಡುವೆ ಎರಡು ಸಲ ನಿಲ್ಲಿಸಬೇಕಾಯಿತು. ಅವಳು ಆತುರ ಮಾಡಲಿಲ್ಲ.

"ಕೊಯ್ದ ಮ್ಯಾಲ ಬ್ಯಾನಿ ಎಷ್ಟ ದಿನ ಇರ್ತೈತಂತ?"

"ಒಂದ ತಿಂಗಳರ ಇರ್ತೈತಿ ಅಂದ್ರು."

"ಬಿಟ್ರ?"

"ಚಳಿಗಾಲ ಮುಗಿಯೂ ತನಕ ಇದ್ದೀತು ಅಂದ್ರು."

ಹೊದಿಕೆಯ ಅಂಚನ್ನು ಮಡಚಿ ಸರಿಮಾಡಿದಳು.

"ನೀವೇನಂದ್ರಿ ಅವರಿಗೆ?"

"ಏನೂ ಅಂದಿಲ್ಲ. ನಿನ್ನ ಕೇಳಿ ಹೇಳ್ತೇನಿ ಅಂದೆ."

ಅವಳು ನನ್ನ ಮುಖವನ್ನು ನೋಡುತ್ತಲೇ ಇದ್ದಳು. ಆಮೇಲೆ ಕೈ ಚಾಚಿ, ನನ್ನ ಅಂಗಿಯ ಬಿಚ್ಚಿಕೊಂಡಿದ್ದ ಗುಂಡಿಯನ್ನು ಹಾಕಿದಳು.

"ಕೊಯ್ಸೂದು ಬ್ಯಾಡ ಅಂತ ಹೇಳ್ರಿ," ಎಂದಳು. "ಊರಿಗೆ ಹೋಗೂಣು."

ನಾನು ಹೊರಗೆ ಹೋಗಿ, ಅವಳು ಹೇಳಿದ ಮಾತನ್ನು ಅವಳು ಹೇಳಿದ ಹಾಗೆಯೇ ಡಾಕ್ಟರಿಗೆ ಹೇಳಿದೆ.